ಅಕ್ಕ ಉಸಿರೆಳೆದ ಜಾಗ

ಭಾನುವಾರ, ಜನವರಿ 12

ಇತಿಹಾಸದ ಪ್ರಕಾರ ನಾನು ಇಲ್ಲ.

ಇದು ನನ್ನ ಸ್ವಂತ ಶೋಧನೆಯಲ್ಲ. ನಮ್ಮ ಗಾನವೃಂದಕ್ಕೆ ಹೊಸದಾಗಿ ಬಂದಿರುವ ನಿರ್ದೇಶಕರು ಇವತ್ತು ಚರ್ಚಿನ ಹಿಂದಿನ ಕೋಣೆಯಲ್ಲಿ, ಮಡಚುವ ಕುರ್ಚಿಗಳ ಮೇಲೆ ನಮ್ಮನ್ನೆಲ್ಲ ಕೂರಿಸಿ, ಬಹಳ ಮೃದುವಾಗಿ ತಿಳಿಸಿದ ವಿಷಯ. ನಾವು ಇಷ್ಟು ವರ್ಷ ನಲವತ್ತು ಜನ ಸೇರಿ ಚಾವಣಿ ಹಾರಿಹೋಗುವಂತೆ ಹಾಡುತ್ತಿದ್ದ ದೊಡ್ಡ ಬಲಿಪೂಜೆಯ, ಅಂದರೆ ಮಾಸ್ ಆರಾಧನೆಯ, ಗಾಯನವನ್ನು, ಅದು ಹುಟ್ಟಿದ ಕಾಲದಲ್ಲಿ ಎಂಟೇ ಜನ ಹಾಡಿದ್ದರಂತೆ. ಈಗ ಅದನ್ನು ಹಾಗೆಯೇ ರೆಕಾರ್ಡ್ ಮಾಡಬೇಕಂತೆ. ಆ ಕಾಲದ ಪಿಟೀಲು, ಆ ಕಾಲದ ಕಹಳೆ, ಆ ಕಾಲದ ನಗಾರಿ, ಆ ಕಾಲದ ತಲೆಯೆಣಿಕೆ.

"ಉಳಿದ ಮೂವತ್ತೆರಡು ಜನ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

"ಐತಿಹಾಸಿಕವಾಗಿ ಇರಲಿಲ್ಲ," ಅಂದರು.

"ಆ ಕಾಲದಲ್ಲಿ ಚರ್ಚಲ್ಲಿ ಹೆಂಗಸರೇ ಹಾಡ್ತಿರಲಿಲ್ಲ ಅಂತ ಎಲ್ಲೋ ಓದಿದ್ದೆ ಸರ್," ಎಂದಳು ಅಕ್ಕ. ಅವಳು ದರ್ಜಿ. ಯಾವ ಬಟ್ಟೆ ಕೊಟ್ಟರೂ ಮೊದಲು ಒಳಮಗ್ಗುಲು ತಿರುಗಿಸಿ ನೋಡುವವಳು.

ನಿರ್ದೇಶಕರು ಸ್ವಲ್ಪ ಹೊತ್ತು ಗೋಡೆಯ ಗಡಿಯಾರ ನೋಡಿದರು. "ಆ ಒಂದು ವಿಷಯದಲ್ಲಿ ನಾವು ಉದಾರವಾಗಿರೋಣ."

ಹೀಗೆ ಬೇಕಾದ ಕಡೆ ಹಿಗ್ಗಿದ ಇತಿಹಾಸ ನನ್ನ ಹತ್ತಿರ ಬರುವಾಗ ಕುಗ್ಗಿತು. ಹೆಂಗಸರಲ್ಲಿ ಕೆಳದನಿಯವರು, ಅಂದರೆ ಆಲ್ಟೊಗಳು, ಇಬ್ಬರೇ ಸಾಕಂತೆ. ಒಬ್ಬಳು ಸಂಗೀತ ಕಾಲೇಜಿನ ಹುಡುಗಿ. ಇನ್ನೊಬ್ಬಳು ನನ್ನ ಅಕ್ಕ. ಅಕ್ಕನ ದನಿ ಎಳೆದು ಹಿಡಿದ ದಾರದ ಹಾಗೆ ನೆಟ್ಟಗಿದೆಯಂತೆ. ನನ್ನದರಲ್ಲಿ ಕಂಪನವಿದೆಯಂತೆ. ಭೂಗರ್ಭ ಇಲಾಖೆಯವರು ಎಚ್ಚರಿಕೆ ಕೊಡುವ ಹಾಗೆ ಹೇಳಿದರು.

ಹೊರಗೆ ಬಂದ ಮೇಲೆ ಅಕ್ಕ ಒಂದು ಮಾತು ಆಡುತ್ತಾಳೆಂದು ಮೆಟ್ಟಿಲ ಮೇಲೆ ನಿಂತು ಕಾದೆ. "ನೀನಿಲ್ಲದೆ ನಾನೂ ಹಾಡಲ್ಲ." ಮೂರೇ ಪದ, ಖರ್ಚಿಲ್ಲ. ಅವಳು ಹೇಳಿದ್ದು: "ನಿನ್ನ ಕಪ್ಪು ಗೌನಿನ ಸೊಂಟ ಬಿಚ್ಚಿಟ್ಟಿದೀನಿ ಪುಟ್ಟಿ. ಈಗ ಅವಸರ ಇಲ್ಲ ಅಲ್ವಾ?"

ಐವತ್ತಾರು ತುಂಬಿದ ಪುಟ್ಟಿ "ಇಲ್ಲ" ಅಂದಳು.

ಇವತ್ತಿನಿಂದ ಈ ಪುಸ್ತಕದಲ್ಲಿ ಆ ನಿರ್ದೇಶಕರಿಗೆ "ಇತಿಹಾಸ" ಎಂದೇ ಹೆಸರು.

ಬುಧವಾರ, ಜನವರಿ 15

ಕೆಲಸದಲ್ಲಿ ಮನಸ್ಸಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನದು ಬಾಗಿಲ ಬಳಿಯ ಮೇಜು. "ಮುಂದಿನವರು ಬನ್ನಿ" ಎಂದು ನಗುತ್ತ ಹೇಳಿ ಜನರನ್ನು ನೋವಿಗೆ ಕಳಿಸುವುದು. ಇವತ್ತು ನಗದೆ ಕಳಿಸಿದೆ. ಒಬ್ಬರು ಹೆದರಿ ಮನೆಗೇ ಹೋದರು.

ತಲೆಯಲ್ಲಿ ಆ ಗಾಯನದ ಕೊನೆಯ ಭಾಗವೇ ಸುತ್ತುತ್ತಿದೆ. "ನಮಗೆ ಶಾಂತಿ ಕೊಡು" ಎಂದು ಕೇಳುವ ಭಾಗ. ಉಳಿದ ದನಿಗಳೆಲ್ಲ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿರುವಾಗ ಆಲ್ಟೊಗಳಿಗೆ ಮಾತ್ರ ಒಂದೇ ಸ್ವರ. ಮನೆ ಕಾಯುವವರ ಹಾಗೆ ಅದನ್ನು ಹಿಡಿದು ನಿಂತಿರಬೇಕು. ಅದು ಒಬ್ಬರ ಉಸಿರಿನಲ್ಲಿ ಮುಗಿಯುವ ಸ್ವರವಲ್ಲ. ಬರೆದ ಪುಣ್ಯಾತ್ಮ ಹಾಡುವವರನ್ನು ಮೀನು ಅಂದುಕೊಂಡಿದ್ದನೋ ಏನೋ. ಅದಕ್ಕೇ ಗಾನವೃಂದಗಳಲ್ಲಿ ಕಳ್ಳ ಉಸಿರು ಎಂಬ ಉಪಾಯವಿದೆ. ಪಕ್ಕದವರು ಹಿಡಿದಿರುವಾಗ ನಾವು ಎಳೆದುಕೊಳ್ಳುವುದು, ನಾವು ಹಿಡಿದಿರುವಾಗ ಅವರು. ಕೇಳುವವರಿಗೆ ಸ್ವರ ಎಲ್ಲೂ ಕಡಿಯುವುದಿಲ್ಲ.

ಅಕ್ಕ ಪುಟ ಮಗುಚುವಲ್ಲಿ ಉಸಿರೆಳೆಯುತ್ತಾಳೆ. ನಾನು ನಗಾರಿ ಶುರುವಾದಾಗ. ಕೂತು ಮಾತಾಡಿ ಗೊತ್ತುಮಾಡಿಕೊಂಡದ್ದಲ್ಲ ಇದು. ನಾನು ಸೇರಿದ ಮೊದಲ ದಿನ ನಮ್ಮಿಬ್ಬರಿಗೂ ಒಂದೇ ಸ್ವರಪುಸ್ತಕ. ಅಕ್ಕ ಪುಟ ಮಗುಚಿದಳು, ನಾನು ಹಿಡಿದುಕೊಂಡೆ, ಅಷ್ಟೆ. ಆಮೇಲೆ ಪುಸ್ತಕಗಳು ಎರಡಾದರೂ ನಾವು ಒಂದರಲ್ಲೇ ನೋಡಿ ಹಾಡಿದೆವು. ಇಬ್ಬರದೂ ಒಂದೇ ಗಂಟಲು. ಯಾರು ಯಾವಾಗ ಬಿಟ್ಟರು ಎಂದು ನಮ್ಮ ಅಮ್ಮನಿಗೂ ತಿಳಿಯುತ್ತಿರಲಿಲ್ಲ.

ಇನ್ನು ಅಕ್ಕನ ಪುಟ ಅಕ್ಕನೇ ಮಗುಚಿಕೊಳ್ಳಲಿ.

ಸೋಮವಾರ, ಜನವರಿ 27

ಇತಿಹಾಸ ಫೋನ್ ಮಾಡಿತು. "ನಿಮಗೆ ಈ ಗಾಯನ ಪೂರ್ತಿ ಬಾಯಿಪಾಠ ಅಂತ ಕೇಳಿದೆ. ರೆಕಾರ್ಡಿಂಗ್ ಕೋಣೆಯಲ್ಲಿ ಕೂತು ಆಲಿಸುವವರು ಒಬ್ಬರು ಬೇಕು. ಸ್ವರಪುಸ್ತಕ ನೋಡ್ತಾ, ತಪ್ಪಾದ ಕಡೆ ಕೆಂಪು ಪೆನ್ಸಿಲಲ್ಲಿ ಗುರುತು ಹಾಕೋದು."

ಇವರಿಗೆ ಹೇಳಿದೆ. ನಮ್ಮ ಯಜಮಾನರು ಲಿಫ್ಟ್ ಮೆಕ್ಯಾನಿಕ್. ಆಗಷ್ಟೇ ಬಂದು ಕೈಯ ಗ್ರೀಸು ಒರೆಸಿಕೊಳ್ಳುತ್ತಿದ್ದರು.

"ಹಾಡೋಕೆ ಬರಬೇಡ, ತಪ್ಪು ಹುಡುಕೋಕೆ ಬಾ ಅಂದ್ರಾ?"

"ಹೂಂ."

"ನನ್ನ ಕೇಳಿದ್ರೆ ಸರ್ಟಿಫಿಕೇಟ್ ಬರ್ಕೊಡ್ತಿದ್ನಲ್ಲೇ. ಮದುವೆಯಾದಾಗಿನಿಂದ ಅದೇ ಕೆಲಸದಲ್ಲಿದಾಳೆ, ಒಂದು ದಿನವೂ ರಜೆ ಹಾಕಿಲ್ಲ ಅಂತ."

ಒಪ್ಪಿಕೊಂಡಿದ್ದೇನೆ. ಅಕ್ಕನ ಹುಳುಕು ಹುಡುಕಲು ಅಲ್ಲ. ಮುಂದೆ ಯಾರಾದರೂ ಕೇಳಿದರೆ ಇರಲಿ ಎಂದು ಬರೆದಿಡುತ್ತಿದ್ದೇನೆ: ಅಲ್ಲ.

ಸೋಮವಾರ, ಫೆಬ್ರವರಿ 3

ಮೊದಲ ದಿನ. ಕ್ಲಿನಿಕ್ಕಿಗೆ ರಜೆ ಹಾಕಿದ್ದೇನೆ. ಚರ್ಚಿನೊಳಗೆ ಮೂಳೆ ಕೊರೆಯುವ ಚಳಿ, ಹೀಟರ್ ಹಾಕುವಂತಿಲ್ಲ. ಪಿಟೀಲುಗಳಿಗೆ ಕುರಿಯ ಕರುಳಿನ ತಂತಿ ಕಟ್ಟಿದ್ದಾರೆ, ಒಂದಿಷ್ಟು ಬೆಚ್ಚಗಾದರೆ ಶ್ರುತಿ ಬಿಟ್ಟು ಓಡುತ್ತವೆ. ಕುರಿ ಸತ್ತು ಎಷ್ಟು ಕಾಲವಾಯಿತೋ, ಹಟ ಮಾತ್ರ ಜೀವಂತ. ಟೀ ಹೊತ್ತಿನವರೆಗೆ ಶ್ರುತಿ ಮಾಡಿದರು. ಟೀ ಕುಡಿದು ಬಂದಾಗ ಶ್ರುತಿ ಹೋಗಿತ್ತು. ಕಹಳೆಗಳಿಗೆ ಗುಂಡಿಗಳಿಲ್ಲ, ಉದ್ದನೆಯ ಕೊಳವೆ, ಊದುವವನ ತುಟಿ, ದೇವರ ದಯೆ. ದೇವರು ಇವತ್ತು ಎಲ್ಲೋ ಬೇರೆ ಕಡೆ ಇದ್ದ.

ನನ್ನ ಜಾಗ ಮೇಲೆ, ಅಟ್ಟದಲ್ಲಿ, ಗಾಜು ಹಾಕಿದ ಪುಟ್ಟ ಕೋಣೆ. ಪಕ್ಕದಲ್ಲಿ ಸೌಂಡಿನವನು: ಕಿವಿಗೆ ಹೆಡ್‌ಫೋನು, ಕೈಯಲ್ಲಿ ಬಿಸ್ಕತ್ತು. ಬಿಸ್ಕತ್ತನ್ನು ಸದ್ದಿಲ್ಲದೆ ತಿನ್ನಬಲ್ಲ ಮನುಷ್ಯನನ್ನು ಇವತ್ತೇ ನೋಡಿದ್ದು. ಕೆಳಗೆ ಕಾಡಿನ ಹಾಗೆ ಎದ್ದು ನಿಂತಿರುವ ಮೈಕುಗಳನ್ನು ತೋರಿಸಿ, "ಆ ಕಾಲದಲ್ಲಿ ಇಷ್ಟೊಂದು ಮೈಕು ಇತ್ತೇನಪ್ಪ?" ಎಂದು ಕೇಳಿದೆ.

"ಮೆತ್ತಗೆ, ಮೇಡಂ. ಅದಕ್ಕಿನ್ನೂ ದಾಖಲೆ ಸಿಕ್ಕಿಲ್ಲ. ಹುಡುಕ್ತಾ ಇದಾರೆ."

ಮೇಜಿನ ಮೇಲೊಂದು ಗುಂಡಿ ಇದೆ. ಅದನ್ನು ಒತ್ತಿ ಮಾತಾಡಿದರೆ ಇಡೀ ಚರ್ಚಿಗೆ ಕೇಳಿಸುತ್ತದೆ. ನಮಗೆ ಕೆಳಗಿನವರೆಲ್ಲ ಕಾಣುತ್ತಾರೆ, ಅವರಿಗೆ ನಾವು ಗಾಜಿನ ಹಿಂದಿನ ನೆರಳು. ದೇವರಿಗೂ ಇಷ್ಟೇ ಅನುಕೂಲವಿರಬೇಕು.

ಅಕ್ಕ ಎರಡು ಸ್ವೆಟರ್ ಹಾಕಿಕೊಂಡು ಬಂದಿದ್ದಳು. ಅವಳ ಬಲಕ್ಕೆ ಕಾಲೇಜಿನ ಹುಡುಗಿ. ಎಡಕ್ಕೆ, ನಾನು ನಿಲ್ಲುತ್ತಿದ್ದ ಕಡೆ, ಮೈಕಿನ ಕಂಬ. ಅದು ತೆಳ್ಳಗಿದೆ, ಕಂಪಿಸುವುದೂ ಇಲ್ಲ.

ಮಂಗಳವಾರ, ಫೆಬ್ರವರಿ 4

ಇವತ್ತು ಮೌನವನ್ನು ರೆಕಾರ್ಡ್ ಮಾಡಿದೆವು. ತಮಾಷೆಯಲ್ಲ. ತುಣುಕು ತುಣುಕಾಗಿ ಹಾಡಿದ್ದನ್ನು ಜೋಡಿಸುವಾಗ ನಡುವೆ ತುಂಬಲು ಆ ಚರ್ಚಿನದೇ ಮೌನ ಬೇಕಂತೆ, ಬೇರೆ ಕಡೆಯ ಮೌನ ಒಪ್ಪುವುದಿಲ್ಲವಂತೆ. ಎಲ್ಲರೂ ಇದ್ದಲ್ಲೇ ಅಲುಗಾಡದೆ ನಿಂತರು. ಅಷ್ಟು ಗಂಭೀರ ನಿಶ್ಶಬ್ದದ ನಡುವೆ ಒಬ್ಬರ ಹೊಟ್ಟೆ ಗುರ್ರ್ ಅಂದಿತು. ನನಗೆ ಗೊತ್ತಿರುವ ಹೊಟ್ಟೆ. ಚಿಕ್ಕವರಿದ್ದಾಗ ಒಂದೇ ಹಾಸಿಗೆಯಲ್ಲಿ ಮಲಗಿ ಅದನ್ನು ಕೇಳಿದವಳು ನಾನು. ಮೇಲೆ ನಾನು ನಕ್ಕೆ, ಕೆಳಗೆ ಅಕ್ಕನ ಭುಜ ಕುಲುಕುವುದು ಕಾಣಿಸಿತು.

"ಮೌನ, ಎರಡನೇ ಟೇಕ್," ಎಂದ ಸೌಂಡಿನವನು.

ಗುರುವಾರ, ಫೆಬ್ರವರಿ 6

ನಾಲ್ಕು ದಿನದಲ್ಲಿ ಅರ್ಧ ಪೆನ್ಸಿಲ್ ಸವೆಸಿದ್ದೇನೆ. ಎರಡನೇ ಕಹಳೆ ಜಾರಿದ್ದು, ಯಾರದೋ ಪುಟ ಸರಕ್ಕೆಂದದ್ದು, ಪಾರಿವಾಳ ತಾಳ ತಪ್ಪಿದ್ದು, ಎಲ್ಲಕ್ಕೂ ಗುರುತು. ಸೌಂಡಿನವನು ನನ್ನ ಪುಸ್ತಕ ನೋಡಿ, "ಮೇಡಂ, ಇದು ಸ್ವರಪುಸ್ತಕವೋ ದಡಾರ ಬಂದ ಮಗುವೋ?" ಅಂದ.

ಮಧ್ಯಾಹ್ನ "ಶಾಂತಿ" ಹಿಡಿದರು. ಮೊದಲನೇ ಟೇಕಿನಲ್ಲೇ, ಪುಟ ಮಗುಚುವಲ್ಲಿ, ಆಲ್ಟೊ ಸ್ವರದಲ್ಲೊಂದು ಹಳ್ಳ ಬಿತ್ತು. ಹುಡುಗಿ ಹಿಡಿದೇ ಇದ್ದಳು. ಆದರೆ ಅವಳದು ಬೇರೆ ದನಿ, ತೆಳು ದನಿ. ಹತ್ತಿ ಬಟ್ಟೆಯ ನಡುವೆ ಅಂಗೈಯಗಲ ರೇಷ್ಮೆಯ ತೇಪೆ ಹಾಕಿದ ಹಾಗೆ ಕೇಳಿಸಿತು. ಮತ್ತೆ ಅಕ್ಕ ಬಂದು ಸೇರಿಕೊಂಡಳು. ಅವಸರವೇ ಇಲ್ಲ. ಒಂಟಿಯಾಗಿ ಹಾಡುವವರು ಉಸಿರನ್ನು ಕದಿಯುತ್ತಾರೆ, ಅಂಗಡಿಯಿಂದ ಮಿಠಾಯಿ ಕದ್ದ ಹಾಗೆ, ಸರಕ್ಕನೆ. ಅಕ್ಕ ಹಾಗೆ ಮಾಡಲಿಲ್ಲ. ಸ್ವರವನ್ನು ನಿಧಾನವಾಗಿ ಇಳಿಸಿ, ಪೂರ್ತಿ ಎದೆ ತುಂಬಿಕೊಂಡು, ಆರಾಮಾಗಿ ಎತ್ತಿಕೊಂಡಳು. ಹಿಂದೆ ಯಾರೋ ಹಿಡಿದುಕೊಂಡಿದ್ದಾರೆ ಅನ್ನುವವರ ಉಸಿರು ಅದು.

ಗುರುತು ಹಾಕಿದೆ. ಆಮೇಲೆ ರಬ್ಬರ್ ತೆಗೆದುಕೊಂಡು ಅಳಿಸಿದೆ.

"ನನಗೂ ಕೇಳಿಸ್ತು, ಮೇಡಂ," ಎಂದ ಸೌಂಡಿನವನು.

"ಏನು?"

ಅವನು ನನ್ನ ಮುಖ ನೋಡಿದ. "ಏನೂ ಇಲ್ಲ ಬಿಡಿ," ಎಂದು ಬಿಸ್ಕತ್ತು ಮುರಿದ.

ಶುಕ್ರವಾರ, ಫೆಬ್ರವರಿ 7

ಇವತ್ತು ಸಂಜೆ ನಿರ್ದೇಶಕರು ಮೇಲೆ ಬಂದು ನನ್ನ ಪುಸ್ತಕ ತಿರುವಿ ನೋಡಿದರು. ಬಹಳ ಹೊತ್ತು ನೋಡಿದರು. ನಂತರ, ಎಲ್ಲ ವಾದ್ಯದವರಿಗೂ ಕೇಳುವ ಹಾಗೆ ಗುಂಡಿ ಒತ್ತಿಕೊಂಡು, "ಈ ಮೇಡಂ ಕಿವಿ ಆ ಕಾಲದ ಕಿವಿ. ಇಂಥದು ಈಗ ಹುಟ್ಟೋದಿಲ್ಲ," ಅಂದರು.

ನನ್ನ ಗಂಟಲು ಇತಿಹಾಸದಲ್ಲಿ ಇಲ್ಲದಿದ್ದರೇನು, ಕಿವಿ ಇದೆ. ಒಂದೊಂದೇ ಅಂಗವಾಗಿ ಸೇರಿಸಿಕೊಳ್ಳುತ್ತಾರೆಂದು ಕಾಣುತ್ತದೆ.

ಮನುಷ್ಯ ಕೆಟ್ಟವರಲ್ಲ. ಅವರು ಹೇಳುವುದರಲ್ಲೂ ಅರ್ಥವಿದೆ. ನಲವತ್ತು ಜನ ಹಾಡುವಾಗ ಎಷ್ಟೊಂದು ಕೆಸರಿತ್ತು ಎಂದು ಈಗ ಮೇಲೆ ಕೂತ ಮೇಲೆ ಗೊತ್ತಾಗುತ್ತಿದೆ.

ಶನಿವಾರ, ಫೆಬ್ರವರಿ 8

ಅಕ್ಕನ ಅಂಗಡಿಗೆ ಹೋಗಿದ್ದೆ. ಬಾಯ್ತುಂಬ ಗುಂಡುಸೂಜಿ ಕಚ್ಚಿಕೊಂಡು ಮೊಣಕಾಲೂರಿ ಯಾರದೋ ಮದುವೆಯ ಗೌನಿನ ಅಂಚು ಮಡಿಸುತ್ತಿದ್ದಳು. ನನಗೆ ಉಸಿರು ಹಿಡಿಯುವುದನ್ನು ಅವಳು ಕಲಿಸಿದ್ದೇ ಹೀಗೆ: "ಬಾಯಲ್ಲಿ ಸೂಜಿ ಇದೆ ಅಂದ್ಕೋ. ಮೂಗಲ್ಲಿ ತಗೋ, ಗಾಬರಿ ಬೀಳಬೇಡ."

ಒಳ್ಳೆಯ ಮಾತಿನಲ್ಲೇ ಹೇಳಿದೆ. "ಅಕ್ಕ, 'ಶಾಂತಿ'ಯಲ್ಲಿ ನಡುವೆ ನಿಲ್ಲಿಸ್ತಿದೀಯ."

ಸೂಜಿಗಳನ್ನು ಒಂದೊಂದಾಗಿ ತೋಳಿಗೆ ಕಟ್ಟಿದ ಮೆತ್ತೆಗೆ ಚುಚ್ಚಿದಳು. "ನಾನೆಲ್ಲಿ ನಿಲ್ಲಿಸಿದೆ?"

"ಪುಟ ಮಗುಚೋ ಕಡೆ."

"ಅಲ್ಲಿ ಉಸಿರು ತಗೋತೀನಿ. ಯಾವಾಗ್ಲೂ ತಗೊಳ್ಳೋದೇ ಅಲ್ಲಿ. ಅದಕ್ಕೆ ಸ್ವರ ಯಾಕೆ ನಿಲ್ಲುತ್ತೆ?"

"ನಿಲ್ತಿದೆ. ನನ್ನ ಕಿವಿಯಾರೆ ಕೇಳಿದೀನಿ."

"ನಿನ್ನ ಕಿವೀನ ಮೊದಲು ತೋರಿಸ್ಕೋ ಹೋಗೇ. ತಗೋ, ಕೇಳು." ಅಲ್ಲೇ, ಮೊಣಕಾಲ ಮೇಲೇ ಕೂತು, ಗೌನಿನ ಅಂಚು ಕೈಯಲ್ಲಿ ಹಿಡಿದು, ಆ ಸ್ವರ ಎತ್ತಿದಳು. ಶುರುವಿನಿಂದ ಕೊನೆಯವರೆಗೆ. ಎಲ್ಲೂ ನಿಲ್ಲಲಿಲ್ಲ. ಎಣ್ಣೆ ಸುರಿದ ಹಾಗೆ ಹರಿಯಿತು.

"ನಿಂತಿತಾ?" ಅಂದಳು.

ಪೀಠದ ಮೇಲೆ ನಿಂತಿದ್ದ ಗಿರಾಕಿ ಹೆಂಗಸು ಚಪ್ಪಾಳೆ ತಟ್ಟಿ, "ಇಬ್ರದೂ ಎಷ್ಟು ಚೆನ್ನಾಗಿ ಕೂಡುತ್ತೆ ರೀ, ಒಬ್ಬರೇ ಹಾಡಿದ ಹಾಗಿತ್ತು," ಅಂದರು. ನಾನು ಗುನುಗಿಯೇ ಇರಲಿಲ್ಲ. ಗುನುಗಿದ್ದರೂ ಎಲ್ಲೋ ಒಂಚೂರು, ಗಂಟಲಲ್ಲೇ.

ಅಂದರೆ ವಿಷಯ ಇಷ್ಟೇ. ಅಂಗಡಿಯಲ್ಲಿ ಸರಿಯಾಗಿ ಹಾಡಬಲ್ಲವಳು ಚರ್ಚಿನಲ್ಲಿ ನಿಲ್ಲಿಸುತ್ತಾಳೆ. ಅಜಾಗ್ರತೆ. ಇಬ್ಬರಲ್ಲಿ ಒಬ್ಬಳಾಗಿ ಆರಿಸಿಕೊಂಡ ಮೇಲೆ ಇರಬೇಕಾದ ಜವಾಬ್ದಾರಿ ಇಲ್ಲ. ನನ್ನನ್ನು ಆರಿಸಿದ್ದರೆ ನಾನು ಹೀಗೆ ಮಾಡುತ್ತಿರಲಿಲ್ಲ.

ಸೋಮವಾರ, ಫೆಬ್ರವರಿ 10

ಮತ್ತೆ "ಶಾಂತಿ". ಮತ್ತೆ ಅದೇ ಹಳ್ಳ, ಅದೇ ಜಾಗ. ಇವತ್ತು ರಬ್ಬರನ್ನು ಚೀಲದಿಂದ ತೆಗೆಯಲೇ ಇಲ್ಲ. ಒಂದು ಗುರುತು ಅಳಿಸಿದರೆ ಉಳಿದ ಗುರುತುಗಳಿಗೆ ಏನು ಬೆಲೆ? ಕಹಳೆಯವನಿಗೆ ಒಂದು ನ್ಯಾಯ, ದರ್ಜಿಗೆ ಒಂದು ನ್ಯಾಯವೇ?

ಸರ್ ಮೇಲೆ ಬಂದು, "ಏನೋ ಸರಿಯಿಲ್ಲ, ಆದರೆ ಯಾರು ಅಂತ ತಿಳೀತಿಲ್ಲ. ನಿಮಗೆ ಗೊತ್ತಾ?" ಎಂದು ಕೇಳಿದರು.

"ಎಡಗಡೆ ಆಲ್ಟೊ," ಅಂದೆ.

ಸೌಂಡಿನವನು ಹೆಡ್‌ಫೋನು ತೆಗೆದು ನನ್ನ ಕಡೆ ನೋಡಿದ. ಅವನ ತಿಂಡಿಚೀಲ ನನ್ನ ಪುಸ್ತಕದ ಮೇಲಿತ್ತು, ಅದಕ್ಕಿರಬೇಕು. ಸರಿಸಿದೆ.

ಸರ್ ಕೆಳಗೆ ಹೋಗಿ ಅಕ್ಕನಿಗೆ ಬಹಳ ಸೌಜನ್ಯದಿಂದಲೇ ಹೇಳಿದರು: ಅಲ್ಲಿ ಎಳೆಯಬೇಡಿ, ನಗಾರಿ ಬಂದಾಗ ಎಳೆಯಿರಿ, ಚಿಕ್ಕದಾಗಿ. ಅಕ್ಕ ತಲೆಯಾಡಿಸಿದಳು. ಪೆನ್ಸಿಲಿನಲ್ಲಿ ಬರೆದುಕೊಂಡಳು. ಮುಂದಿನ ಟೇಕಿನಲ್ಲಿ ಪುಟ ಮಗುಚುವಲ್ಲಿ ನಿಶ್ಚಿಂತೆಯಿಂದ ಉಸಿರೆಳೆದಳು.

"ಈಗ ಸರಿಯಾಯ್ತಲ್ವಾ ಸರ್?" ಎಂದು ನಗುತ್ತ ಕೇಳಿದಳು.

ಅವಳಿಗೆ ನಿಜಕ್ಕೂ ಕೇಳಿಸುತ್ತಿಲ್ಲ. ಇಷ್ಟು ವರ್ಷ ಯಾವ ಕಿವಿ ಇಟ್ಟುಕೊಂಡು ಹಾಡಿದಳೋ.

ಮಂಗಳವಾರ, ಫೆಬ್ರವರಿ 11

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಭಾವುಕತೆಯಿಂದ ಯಾರಿಗೂ ಉಪಯೋಗವಿಲ್ಲ.

ಬೆಳಿಗ್ಗೆಯಿಂದ "ಶಾಂತಿ" ಒಂದೇ. ಕರುಳಿನ ತಂತಿಗಳು ಒಂದಾದ ಮೇಲೊಂದು ಹರಿದವು. ಕಹಳೆಯವರ ತುಟಿ ಊದಿತು. ಅವರೆಲ್ಲ ಚೆನ್ನಾಗಿ ನುಡಿಸಿದ ಒಂದೊಂದು ಟೇಕೂ ಪುಟ ಮಗುಚುವಲ್ಲಿಗೆ ಬಂದು ಹಾಳಾಯಿತು. ಗುಂಡಿ ಒತ್ತಿ "ಮತ್ತೊಮ್ಮೆ" ಎನ್ನುವುದನ್ನು ಸರ್ ನನಗೇ ಬಿಟ್ಟಿದ್ದರು. ಮೊದಲು ನನ್ನ ದನಿ ಕೇಳಿದಾಗ ಅಕ್ಕ ತಲೆಯೆತ್ತಿ ಕೈ ಬೀಸುತ್ತಿದ್ದಳು. ಆಮೇಲೆ ಬೀಸಲಿಲ್ಲ.

ಊಟದ ನಂತರದ ಟೇಕೂ ಹಾಗೇ ಹೋದಾಗ ಅಕ್ಕ ಪುಸ್ತಕ ಮುಚ್ಚಿದಳು. ಇಡೀ ಚರ್ಚಿನ ಮುಂದೆ, ಎಲ್ಲ ಮೈಕುಗಳ ಮುಂದೆ, "ಸರ್, ನನ್ನ ತಂಗೀನ ಒಂದು ಸಲ ಕೆಳಗೆ ಕಳಿಸಿ. ಪಕ್ಕದಲ್ಲಿ ನಿಂತ್ಕೊಳ್ಳಲಿ. ಅವಳಿಲ್ಲದೆ ಇದು ನನ್ನ ಕೈಲಿ ಆಗಲ್ಲ," ಅಂದಳು.

ಜನವರಿಯಲ್ಲಿ ಮೆಟ್ಟಿಲ ಮೇಲೆ ಹೇಳಬೇಕಾಗಿದ್ದ ಮಾತು. ಫೆಬ್ರವರಿಯಲ್ಲಿ ಅದಕ್ಕೆ ಚಲಾವಣೆಯಿಲ್ಲ.

ಸರ್‌ಗೂ ಸಾಕಾಗಿಹೋಗಿತ್ತು. ಗಾಜಿನ ಕಡೆ ತಲೆಯೆತ್ತಿ, "ಒಂಬತ್ತನೆಯವರು ಇದ್ದರು ಅನ್ನೋದಕ್ಕೂ ಒಂದು ಹಳೇ ಪತ್ರದಲ್ಲಿ ಆಧಾರ ಇದೆ. ಏನಂತೀರ ಮೇಡಂ? ಬರ್ತೀರಾ? ನಿಮ್ಮ ತೀರ್ಮಾನ," ಅಂದರು.

"ಹೋಗಿ, ಮೇಡಂ," ಎಂದು ಸೌಂಡಿನವನು ನನ್ನ ಕುರ್ಚಿಯನ್ನೇ ಹಿಂದಕ್ಕೆ ಎಳೆದ. "ಮೆಟ್ಟಿಲು ಇಳಿದ್ರೆ ಮುಗೀತು. ನಾನು ಮೈಕು ಸರಿಸ್ತೀನಿ."

ಕೆಳಗೆ ಅಕ್ಕ ಆಗಲೇ ಬಲಕ್ಕೆ ಒಂದು ಹೆಜ್ಜೆ ಸರಿದಿದ್ದಳು. ಎಡಗೈಯಿಂದ ಮೈಕಿನ ಕಂಬವನ್ನು ತಾನೇ ಒಂದಿಷ್ಟು ಆಚೆ ತಳ್ಳಿದಳು. ಪುಸ್ತಕ ತೆರೆದು, ಇಬ್ಬರಿಗೂ ಕಾಣುವ ಹಾಗೆ, ಎಡಕ್ಕೆ ಓರೆಯಾಗಿ ಹಿಡಿದುಕೊಂಡು ನಿಂತಳು.

ನಾನು ಗುಂಡಿ ಒತ್ತಿದೆ.

"ಬೇಡ ಸರ್. ನನ್ನ ದನಿಯಲ್ಲಿ ಕಂಪನ ಇದೆ. ಉಳಿದ ಟೇಕುಗಳಿಗೆ ಕೂಡೋದಿಲ್ಲ. ಈ ಜಾಗದಲ್ಲಿ ಎಡಗಡೆ ಆಲ್ಟೊ ಸುಮ್ಮನಿದ್ದು, ಬಲಗಡೆಯವರೊಬ್ಬರೇ ಹಾಡಿದರೆ ಸರಿಹೋಗುತ್ತೆ."

ನನ್ನ ದನಿ ಚರ್ಚಿನ ಗೋಡೆಗಳಿಗೆ ತಾಗಿ ವಾಪಸು ಬಂತು. ಎಲ್ಲೂ ನಡುಗಿರಲಿಲ್ಲ. ಇದನ್ನು ಸೌಂಡಿನವನೂ ಗಮನಿಸಿರಬೇಕು, ಹೆಡ್‌ಫೋನು ಎತ್ತಿ ಹಾಕಿಕೊಂಡ.

ಅಕ್ಕ ಸ್ವಲ್ಪ ಹೊತ್ತು ಹಾಗೇ ಪುಸ್ತಕ ಓರೆಯಾಗಿ ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ಅದನ್ನು ಹುಡುಗಿಯ ಕೈಗೆ ಕೊಟ್ಟು, ಎರಡನೇ ಸ್ವೆಟರನ್ನು ಕುರ್ಚಿಯಿಂದ ತೆಗೆದುಕೊಂಡು, ಬದಿಯ ಬಾಗಿಲಿನಿಂದ ಹೋದಳು. ಬಾಗಿಲನ್ನು ಮೆತ್ತಗೆ ಮುಚ್ಚಿದಳು. ಟೇಕ್ ನಡೆಯುತ್ತಿದೆ ಅಂದುಕೊಂಡಳೇನೋ. ಅಷ್ಟರ ಮಟ್ಟಿಗೆ ಶಿಸ್ತು ಇತ್ತು, ಹೇಳಬೇಕು.

ಬುಧವಾರ, ಫೆಬ್ರವರಿ 12

ಎಡಗಡೆ ಆಲ್ಟೊ ಬರಲಿಲ್ಲ. ಹುಡುಗಿ ಆ ಸ್ವರವನ್ನು ತುಂಡು ತುಂಡಾಗಿ ಹಾಡಿದಳು. ಸೌಂಡಿನವನು ಉಸಿರುಗಳನ್ನೆಲ್ಲ ಕತ್ತರಿಸಿ ತೆಗೆದು ಒಂದೇ ಉದ್ದದ ಎಳೆಯಾಗಿ ಜೋಡಿಸುತ್ತಾನೆ. ಹೊಲಿಗೆ ಕಾಣದ ಕೆಲಸ. ಇವತ್ತು ಅವನು ನನಗೆ ಬಿಸ್ಕತ್ತು ಕೊಡಲಿಲ್ಲ, ಮುಗಿದಿತ್ತೋ ಏನೋ.

ಭಾನುವಾರ, ಮಾರ್ಚ್ 9

ಇವರು ಅಕ್ಕನ ಬೀದಿಯ ಕಟ್ಟಡದ ಲಿಫ್ಟ್ ರಿಪೇರಿಗೆ ಹೋಗಿದ್ದವರು ಒಂದು ಪೊಟ್ಟಣ ತಂದರು. ನನ್ನ ಕಪ್ಪು ಗೌನು. ಸೊಂಟದ ಹೊಲಿಗೆ ಬಿಚ್ಚಿದ್ದು ಬಿಚ್ಚಿದ ಹಾಗೇ ಇದೆ. ಗುರುತಿಗೆ ಹಾಕಿದ್ದ ಗುಂಡುಸೂಜಿಗಳನ್ನು ಮಾತ್ರ ಒಂದೂ ಬಿಡದೆ ತೆಗೆದಿದ್ದಾಳೆ.

"ಏನಂದ್ಲು?"

"ಏನೂ ಅನ್ನಲಿಲ್ಲ. ಬಾಯಲ್ಲಿ ಸೂಜಿ ಇತ್ತು." ಚಪ್ಪಲಿ ಬಿಡುತ್ತ, "ಹೋಗಿ ಮಾತಾಡ್ಸೇ. ಇಬ್ಬರೇ ಅಲ್ವೇನೇ ಇರೋದು ನೀವು," ಅಂದರು.

"ನಾನೇನು ತಪ್ಪು ಮಾಡಿದೆ? ತಪ್ಪಿದ್ದ ಕಡೆ ಗುರುತು ಹಾಕಿದೆ. ಅದು ನನ್ನ ಕೆಲಸ."

"ಗುರುತು ನಾನೂ ಹಾಕ್ತೀನಿ. ಹಾಕಿ, ಆಮೇಲೆ ರಿಪೇರಿ ಮಾಡ್ತೀನಿ."

ಲಿಫ್ಟಿನವರ ಹತ್ತಿರ ಸಂಗೀತದ ಮಾತಾಡಿ ಪ್ರಯೋಜನವಿಲ್ಲ. ಹೊಲಿಯದೆ ಬಟ್ಟೆ ವಾಪಸು ಕೊಡುವುದು ಯಾವ ಸೀಮೆಯ ವೃತ್ತಿಧರ್ಮ ಎಂದು ಕೇಳಲು ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು.

ಭಾನುವಾರ, ಮೇ 25

ಸೀಡಿ ಬಂತು. ಹೊದಿಕೆಯ ಮೇಲೆ ಖಾಲಿ ಚರ್ಚಿನ ಚಿತ್ರ. ಒಳಗಿನ ಪುಸ್ತಿಕೆಯಲ್ಲಿ ಪ್ರತಿ ಪಿಟೀಲಿನ ವಯಸ್ಸು, ಕಹಳೆ ಮಾಡಿದವರ ವಂಶ, ತಂತಿ ಕೊಟ್ಟ ಕುರಿಯ ತಳಿ. ಕೊನೆಯ ಪುಟದಲ್ಲಿ "ಆಲಿಸಿದವರು" ಎಂದು ನನ್ನ ಹೆಸರು, ಒಂಟಿಯಾಗಿ, ದಪ್ಪ ಅಕ್ಷರದಲ್ಲಿ. ಆಲ್ಟೊ ಎಂಬಲ್ಲಿ ಒಂದೇ ಹೆಸರಿದೆ, ಹುಡುಗಿಯದು. ಅಕ್ಕ ತನ್ನದನ್ನು ತೆಗೆಸಿದಳಂತೆ. ಅವಳಿಗೆ ಮೊದಲಿನಿಂದಲೂ ಎಲ್ಲದರಲ್ಲೂ ಅತಿ.

ಸರ್ ಒಂದು ಚೀಟಿ ಇಟ್ಟಿದ್ದರು: "ಮುಂದಿನ ರೆಕಾರ್ಡಿಂಗಿಗೆ ನಾಲ್ಕೇ ಜನ. ಹೊಸ ಪುರಾವೆ ಸಿಕ್ಕಿದೆ. ಯಾರನ್ನು ಬಿಡಬೇಕೆಂದು ನೀವೇ ಹೇಳಬೇಕು." ಈಗಾಗಲೇ ನನ್ನ ಮನಸ್ಸಿನಲ್ಲಿ ಮೂರು ಹೆಸರುಗಳಿವೆ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಹಾಕಿದೆ. ಅಚ್ಚುಕಟ್ಟಾಗಿದೆ. ಮೊದಲ ಭಾಗದಲ್ಲಿ ಒಂದು ಕುರ್ಚಿ ಕಿರ್ರ್ ಅನ್ನುತ್ತದೆ, ಅದು ನನ್ನ ಗಮನ ತಪ್ಪಿದ್ದು ಹೇಗೆ ಎಂದು ಬೇಸರವಾಯಿತು. "ಶಾಂತಿ" ಬಂತು. ಆ ಸ್ವರ ಶುರುವಾಯಿತು. ಎಲ್ಲೂ ಉಸಿರಿಲ್ಲ, ಎಲ್ಲೂ ಹಳ್ಳವಿಲ್ಲ. ಫೋನ್ ಎತ್ತಿದಾಗ ಕೇಳುವ ಸದ್ದಿನ ಹಾಗೆ ಒಂದೇ ಸಮ ಹೋಗುತ್ತದೆ. ಇದೇ ಬೇಕಾಗಿತ್ತು ನಮಗೆ.

ಮನೆಯಲ್ಲಿ ಯಾರಿದ್ದಾರೆ ಕೇಳಲು ಎಂದು ನಾನೂ ಜೊತೆಗೆ ಎತ್ತಿಕೊಂಡೆ. ಬಹಳ ದಿನಗಳ ಮೇಲೆ ಹಾಡಿದ್ದು. ಹಳೆಯ ಜಾಗಕ್ಕೇ ಹೋಗಿ ಕೂತಿತು ಗಂಟಲು. ಸೀಡಿ ಮುಗಿದು ತಾನಾಗಿ ನಿಂತ ಮೇಲೂ ನಾನು ನಿಲ್ಲಿಸಲಿಲ್ಲ. ಮತ್ತೊಮ್ಮೆ, ಬರಿಯ ಗಂಟಲಲ್ಲಿ, ಮೊದಲಿನಿಂದ ಕೊನೆಯವರೆಗೆ ಹಾಡಿದೆ. ಪುಟ ಮಗುಚುವ ಜಾಗವನ್ನು ಗಟ್ಟಿಯಾಗಿ ಹಿಡಿದು ದಾಟಿದೆ. ನಗಾರಿ ಬರುವ ಜಾಗವನ್ನೂ ದಾಟಿದೆ.

ಇವರು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡು, ಲಿಫ್ಟಿನ ಹಗ್ಗಕ್ಕೆ ಕಿವಿಗೊಡುವಾಗ ನಿಲ್ಲುವ ಹಾಗೆ ತಲೆ ವಾಲಿಸಿ.

"ಚೆನ್ನಾಗಿತ್ತು," ಅಂದರು. "ಯಾಕೆ ನಡುವೆ ನಿಲ್ಲಿಸಿದೆ?"

"ನಾನೆಲ್ಲಿ ನಿಲ್ಲಿಸಿದೆ?"

"ಕೊನೆ ಹತ್ತಿರ. ಇಷ್ಟುದ್ದ ನಿಲ್ಲಿಸಿದೆಯಲ್ಲೇ. ಯಾರೋ ಬರಲಿ ಅಂತ ಕಾದ ಹಾಗೆ."

ನಾನು ನಿಲ್ಲಿಸಿಯೇ ಇಲ್ಲ. ಇವರಿಗೆ ಕಿವಿಯೇ ಇಲ್ಲ.